ಬಾವಿಯಿಲ್ಲದ ರೆಬೆಕ್ಕ

ಆದಿಕಾಂಡದ 24ನೆಯ ಅಧ್ಯಾಯ ನಿಮಗೆ ಚಿರಪರಿಚಿತ. ಅಬ್ರಹಾಮನ ಹಿರಿಯ ಸೇವಕನು ತನ್ನ ಒಡೆಯನ ಮಗನಿಗೆ ಕನ್ಯೆಯನ್ನು ಅರಸುತ್ತಾ ಹತ್ತು ಒಂಟೆಗಳೊಡನೆ ನಾಹೋರನ ಊರಿನ ಹೊರಗಿನ ಬಾವಿಯ ಬಳಿ ಬಂದು ನಿಲ್ಲುತ್ತಾನೆ. ಅದು ಸಂಜೆ, ಹೆಂಗಳೆಯರು ನೀರಿಗೆ ಬರುವ ಹೊತ್ತು. ಹೆಗಲ ಮೇಲೆ ಕೊಡವನ್ನಿಟ್ಟುಕೊಂಡು ಬಂದ ರೆಬೆಕ್ಕಳು ಅವನಿಗೆ ನೀರು ಕೊಡುವುದಲ್ಲದೆ ಅವನ ಒಂಟೆಗಳಿಗೂ ಸೇದಿ ಹಾಕುತ್ತಾಳೆ. ಆಗ ಆತ ಚಿನ್ನದ ಮೂಗುತಿಯನ್ನೂ ಎರಡು ಚಿನ್ನದ ಬಳೆಗಳನ್ನೂ ಹೊರತೆಗೆಯುತ್ತಾನೆ. ಮೂಗುತಿ ಅರ್ಧ ಶೆಕೆಲ್, ಬಳೆಗಳು ಹತ್ತು ಶೆಕೆಲ್ ಎಂದು ಪವಿತ್ರ ಗ್ರಂಥವು ಅಕ್ಕಸಾಲಿಗನ ಕಟ್ಟುನಿಟ್ಟಿನಿಂದ ತೂಕವನ್ನೂ ಹೇಳುತ್ತದೆ.

ಒಡವೆ ಕೈಬದಲಿಸಿದ ಈ ಪ್ರಸಂಗವೇ ಒಡವೆಯೊಂದರ ಚಿತ್ರವಾಗಿ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸ್ತ್ರೀಯರ ಎದೆಯನ್ನು ಅಲಂಕರಿಸಿತು. ಕಡಲ ಶಂಖದ ಚಿಪ್ಪಿನಲ್ಲಿ ಬಿಳಿಯ ಆಕೃತಿಯನ್ನು ಉಬ್ಬಾಗಿ ಕೆತ್ತಿ, ಕಂದು ಹಿನ್ನೆಲೆಯ ಮೇಲೆ ಅದು ಎದ್ದು ಕಾಣುವಂತೆ ಮಾಡಿ, ಚಿನ್ನದ ಅಂಚು ಕಟ್ಟಿದ ಅಂಡಾಕಾರದ ಪದಕಕ್ಕೆ ಕ್ಯಾಮಿಯೊ ಎಂದು ಹೆಸರು. ಹಳೆಯ ಒಡವೆಗಳ ಮಾರುಕಟ್ಟೆಯಲ್ಲಿ ಇಂದಿಗೂ ‘ಬಾವಿಯ ಬಳಿಯ ರೆಬೆಕ್ಕ’ ಎಂಬ ಹೆಸರಿನ ಕ್ಯಾಮಿಯೊಗಳು ಧಾರಾಳವಾಗಿ ಸಿಗುತ್ತವೆ. ಅಂಥದ್ದೊಂದನ್ನು ಕೈಗೆತ್ತಿಕೊಂಡು ಸಾವಧಾನವಾಗಿ ನೋಡಿ. ಒಬ್ಬ ತರುಣಿ ನಿಂತಿದ್ದಾಳೆ. ಪಕ್ಕದಲ್ಲಿ ಒಂದೆರಡು ಮರಗಳು, ಇಳಿಜಾರು ಮಾಡಿನ ಒಂದು ಪುಟ್ಟ ಮನೆ, ಕಮಾನಿನ ಒಂದು ಕಿರುಸೇತುವೆ. ಎಷ್ಟೋ ಪದಕಗಳಲ್ಲಿ ಒಂಟೆಯೂ ಇಲ್ಲ, ಸೇವಕನೂ ಇಲ್ಲ, ಕೊನೆಗೆ ಬಾವಿಯೂ ಇಲ್ಲ! ಮನೆ ಯುರೋಪಿನದು, ಸೇತುವೆ ಯುರೋಪಿನದು. ಬೈಬಲ್ ಓದುವ ಮನೆಗಳಲ್ಲಿ ಹಳ್ಳಿಯ ಹುಡುಗಿಗಿಂತ ರೆಬೆಕ್ಕಳಿಗೆ ಆದರ ಹೆಚ್ಚು. ಆದ್ದರಿಂದ ಹಳ್ಳಿಯ ಹುಡುಗಿ ರೆಬೆಕ್ಕಳಾದಳು. ನಿಜವಾಗಿಯೂ ಕೊಡವನ್ನೂ ಬಾವಿಯನ್ನೂ ಕೆತ್ತಿದ ಪದಕಗಳು ಇಲ್ಲವೆಂದಲ್ಲ. ಆದರೆ ಹೆಸರನ್ನು ನಂಬುವ ಮೊದಲು ಬಾವಿಯನ್ನು ಹುಡುಕಬೇಕು.

ನಾವು ಕಾಣಬಯಸಿದ್ದನ್ನೇ ಕಲ್ಲಿನಲ್ಲೂ ಚಿಪ್ಪಿನಲ್ಲೂ ಕಾಣುವ ಈ ಅಭ್ಯಾಸ ಇಂದು ನಿನ್ನೆಯದಲ್ಲ. ಕ್ಯಾಮಿಯೊಗಳ ಇತಿಹಾಸವೆಂದರೆ ಬಹುಮಟ್ಟಿಗೆ ಹೆಸರು ಬದಲಾದವುಗಳ ಇತಿಹಾಸವೇ ಆಗಿದೆ.

ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ‘ಫ್ರಾನ್ಸಿನ ಮಹಾ ಕ್ಯಾಮಿಯೊ’ ಎಂಬ ಅಮೂಲ್ಯ ವಸ್ತುವಿದೆ. ಇದು ಚಿಪ್ಪಿನದಲ್ಲ, ಸಾರ್ಡೊನಿಕ್ಸ್ ಎಂಬ ಪದರುಗಲ್ಲಿನದು. ಉದ್ದ 31 ಸೆಂಟಿಮೀಟರ್, ಅಗಲ ಸುಮಾರು 26 ಸೆಂಟಿಮೀಟರ್. ಪ್ರಾಚೀನ ರೋಮಿನಿಂದ ನಮಗೆ ಉಳಿದುಬಂದಿರುವ ಕ್ಯಾಮಿಯೊಗಳಲ್ಲಿ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲ. ಕಲ್ಲಿನ ಬೇರೆ ಬೇರೆ ಬಣ್ಣದ ಪದರುಗಳನ್ನು ಬಳಸಿಕೊಂಡು ಕಲಾವಿದನು ಮೂರು ಅಂತಸ್ತುಗಳಲ್ಲಿ ಜನರನ್ನು ಕೆತ್ತಿದ್ದಾನೆ: ಮೇಲೆ ದಿವಂಗತರು, ನಡುವೆ ಸಿಂಹಾಸನದ ಮೇಲೆ ಅರಸ ಮತ್ತು ಅವನ ಪರಿವಾರ, ಕೆಳಗೆ ತಲೆತಗ್ಗಿಸಿ ಕುಳಿತ ಸೆರೆಯಾಳುಗಳು. ಮಧ್ಯಯುಗದಲ್ಲಿ ಇದು ಪ್ಯಾರಿಸಿನ ಸೇಂತ್ ಶಾಪೆಲ್ ದೇವಾಲಯದ ಭಂಡಾರದಲ್ಲಿತ್ತು. ಅಲ್ಲಿನವರು ಇದನ್ನು ಫರೋಹನ ಆಸ್ಥಾನದಲ್ಲಿ ಜೋಸೆಫನು ಗೌರವ ಪಡೆಯುತ್ತಿರುವ ದೃಶ್ಯವೆಂದೇ ನಂಬಿದ್ದರು. ಅಣ್ಣಂದಿರಿಂದ ಮಾರಲ್ಪಟ್ಟ ತಮ್ಮನು ಈಜಿಪ್ಟಿನ ಅಧಿಪತಿಯಾದ ಕಥೆ ಯಾರ ಮನಸ್ಸನ್ನು ತಾನೆ ತಟ್ಟದು? ಶತಮಾನಗಳ ಕಾಲ ಭಕ್ತರು ಇದರ ಮುಂದೆ ಜೋಸೆಫನನ್ನು ನೆನೆದರು. 1620ರಲ್ಲಿ ನಿಕೊಲಾ ಕ್ಲೋದ್ ಫಾಬ್ರಿ ದ ಪೈರೆಸ್ಕ್ ಎಂಬ ಫ್ರೆಂಚ್ ವಿದ್ವಾಂಸನು ಇದನ್ನು ಪರಿಶೀಲಿಸಿ, ಸಿಂಹಾಸನದ ಮೇಲಿರುವವನು ಫರೋಹನಲ್ಲ, ರೋಮಿನ ಚಕ್ರವರ್ತಿ ತಿಬೇರಿಯಸ್ ಎಂದು ಗುರುತಿಸಿದನು. ಪೈರೆಸ್ಕನ ಮಿತ್ರನಾದ ಚಿತ್ರಕಾರ ರೂಬೆನ್ಸನು ಇದರ ಚಿತ್ರವನ್ನೂ ಬರೆದನು.

ತಿಬೇರಿಯಸ್! ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಕಾಲದಲ್ಲಿ ಆಳುತ್ತಿದ್ದವನು ಅವನೇ. ಅವನ ಕುಟುಂಬದ ವೈಭವವನ್ನು ಸಾರಲು ಕೆತ್ತಿದ ಕಲ್ಲು ದೇವಾಲಯವೊಂದರ ನಿಧಿಯಾಗಿ ಉಳಿಯಲು ಜೋಸೆಫನ ಹೆಸರೂ ನೆರವಾಗಿರಬೇಕೆಂದು ನನಗನ್ನಿಸುತ್ತದೆ. ತಪ್ಪು ಹೆಸರೂ ಒಮ್ಮೊಮ್ಮೆ ವಸ್ತುವಿಗೆ ಕಾವಲಾಗುತ್ತದೆ.

ಜರ್ಮನಿಯ ಆಖೆನ್ ಮಹಾದೇವಾಲಯದ ಭಂಡಾರದಲ್ಲಿರುವ ಶಿಲುಬೆಯೊಂದರ ಕಥೆ ಇನ್ನೂ ವಿಚಿತ್ರ. ಸುಮಾರು ಕ್ರಿ.ಶ. 1000ದಲ್ಲಿ ಮಾಡಿದ ಈ ರತ್ನಖಚಿತ ಶಿಲುಬೆಯ ನಟ್ಟನಡುವೆ, ನಾವು ಕ್ರಿಸ್ತನನ್ನು ನಿರೀಕ್ಷಿಸುವ ಜಾಗದಲ್ಲಿ, ಚಕ್ರವರ್ತಿ ಆಗಸ್ಟಸನ ಕ್ಯಾಮಿಯೊ ಇದೆ. ಶಿಲುಬೆಯ ಹಿಂಬದಿಯಲ್ಲಿ ರತ್ನವಿಲ್ಲ, ಆಡಂಬರವಿಲ್ಲ. ಅಲ್ಲಿ ಪ್ರಾಣಬಿಟ್ಟ ಕ್ರಿಸ್ತನ ರೇಖಾಚಿತ್ರ ಮಾತ್ರ. ಈ ಶಿಲುಬೆಗೆ ‘ಲೋಥಾರನ ಶಿಲುಬೆ’ ಎಂದು ಹೆಸರು. ಆದರೆ ಆ ಹೆಸರಿನ ಅರಸನು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಇದನ್ನು ಮಾಡಿದ್ದು. ಅವನ ಸ್ಫಟಿಕದ ಮುದ್ರೆಯೊಂದನ್ನು ಕೆಳಭಾಗದಲ್ಲಿ ಕೂರಿಸಿದ್ದರಿಂದ ಹೆಸರು ಅಂಟಿಕೊಂಡಿತು.

ಕಲ್ಲಿನ ಕ್ಯಾಮಿಯೊ ಅರಸರ, ಧರ್ಮಾಧಿಕಾರಿಗಳ ಸೊತ್ತು. ಹದಿನೈದನೆಯ ಶತಮಾನದಲ್ಲಿ ಮುಂದೆ ಎರಡನೆಯ ಪೌಲರೆಂಬ ಹೆಸರಿನಿಂದ ಪೋಪರಾದ ಕಾರ್ಡಿನಲ್ ಪಿಯೆತ್ರೊ ಬಾರ್ಬೊ ಇವುಗಳ ಮಹಾ ಸಂಗ್ರಾಹಕರಾಗಿದ್ದರು. 1471ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಸಂಗ್ರಹದ ಹಲವು ವಸ್ತುಗಳು ಫ್ಲಾರೆನ್ಸಿನ ಲೊರೆಂಜೊ ದ ಮೆದಿಚಿಯ ಕೈಸೇರಿದವು. ಅವನು ತನ್ನ ಕಲ್ಲುಗಳ ಮೇಲೆ ತನ್ನ ಹೆಸರಿನ ಅಕ್ಷರಗಳನ್ನೇ ಕೊರೆಸಿಬಿಟ್ಟನು. ಸಂಗ್ರಾಹಕರಲ್ಲಿ ಎರಡು ಜಾತಿ: ವಸ್ತುವಿನ ಹೆಸರನ್ನು ತಿಳಿಯಬಯಸುವವರು, ಅದರ ಮೇಲೆ ತಮ್ಮ ಹೆಸರನ್ನು ಬರೆಯಬಯಸುವವರು.

ಚಿಪ್ಪಿಗೆ ಬರೋಣ. ಚಿಪ್ಪಿನ ಕೆತ್ತನೆ ನವೋದಯ ಕಾಲದ ಯುರೋಪಿನಲ್ಲಿಯೂ ಇತ್ತು. ಅದು ಜನಸಾಮಾನ್ಯರ ಒಡವೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪಾಂಪೇ ನಗರಗಳ ಉತ್ಖನನ ಆರಂಭವಾದ ಮೇಲೆ ಯುರೋಪಿಗೆ ಪ್ರಾಚೀನ ರೋಮಿನ ಹುಚ್ಚು ಹಿಡಿಯಿತು. 1804ರಲ್ಲಿ ನೆಪೋಲಿಯನ್ ತನ್ನ ಪಟ್ಟಾಭಿಷೇಕಕ್ಕೆಂದು ಮಾಡಿಸಿದ ಕಿರೀಟವೊಂದರಲ್ಲಿ ಕ್ಯಾಮಿಯೊಗಳನ್ನು ಕೂರಿಸಲಾಗಿತ್ತು. ಅರಮನೆಯಲ್ಲಿ ಶುರುವಾದದ್ದು ಅಂಗಡಿಬೀದಿಗೆ ಇಳಿಯಲು ತಡವಾಗಲಿಲ್ಲ. ಇಟಲಿಗೆ ಬಂದ ಪ್ರವಾಸಿಗರು ನೆನಪಿಗೆಂದು ಕೊಂಡೊಯ್ಯಲು ಕಲ್ಲಿಗಿಂತ ಚಿಪ್ಪು ಅಗ್ಗ, ಹಗುರ, ಕೆತ್ತಲು ಬಲು ಸಲೀಸು.

ಈ ಕಸುಬಿನ ತವರು ನೇಪಲ್ಸಿನ ಸಮೀಪದ ತೊರ್ರೆ ದೆಲ್ ಗ್ರೆಕೊ ಎಂಬ ಊರು. ವೆಸೂವಿಯಸ್ ಅಗ್ನಿಪರ್ವತದ ಬುಡ, ಎದುರಿಗೆ ಕಡಲು. ಊರಿನವರು ತಲತಲಾಂತರದಿಂದ ಹವಳ ತೆಗೆಯುವ ದೋಣಿಗಳವರು. 1794ರ ಜೂನ್ 15ರಂದು ಪರ್ವತ ಸಿಡಿದು ಲಾವಾ ಊರಿನ ಬಹುಭಾಗವನ್ನು ನುಂಗಿ ಕಡಲಿಗಿಳಿಯಿತು. ಜನ ಊರು ಬಿಡಲಿಲ್ಲ. ತಣ್ಣಗಾದ ಲಾವಾದ ಮೇಲೆಯೇ ಮತ್ತೆ ಮನೆ ಕಟ್ಟಿದರು. 1805ರಲ್ಲಿ ಪಾವೊಲೊ ಬಾರ್ತೊಲೊಮೆಯೊ ಮಾರ್ತಿನ್ ಎಂಬಾತ ನೇಪಲ್ಸಿನ ದೊರೆ ಫರ್ಡಿನಾಂಡನಿಂದ ವಿಶೇಷ ಹಕ್ಕು ಪಡೆದು ಅಲ್ಲಿ ಹವಳದ ಕಾರ್ಖಾನೆ ತೆರೆದನು. ಹವಳ ಕೆತ್ತಲು ಪಳಗಿದ ಕೈಗಳೇ ಮುಂದೆ ಚಿಪ್ಪನ್ನೂ ಕೆತ್ತಿದವು. 1878ರಲ್ಲಿ ಈ ಕಸುಬನ್ನು ಕಲಿಸುವ ಶಾಲೆಯೂ ಸ್ಥಾಪನೆಯಾಯಿತು. ನಮ್ಮ ನಾಡಿಗೂ ಈ ಊರಿಗೂ ಒಂದು ನಂಟಿದೆ: ಅಲ್ಲಿ ಹದಮಾಡಿದ ಕೆಂಪು ಹವಳಕ್ಕೆ ಕಲ್ಕತ್ತೆ ಬಹುಕಾಲ ದೊಡ್ಡ ಮಾರುಕಟ್ಟೆಯಾಗಿತ್ತು. ಭಾರತದ ಹೆಂಗಳೆಯರ ಕೊರಳಿಗೆ ಹವಳವನ್ನು ಕಳಿಸಿದ ಊರೇ ಲಂಡನ್ನಿನ ಹೆಂಗಳೆಯರ ಎದೆಗೆ ರೆಬೆಕ್ಕಳನ್ನು ಕಳಿಸಿತು.

ಕೆತ್ತುವ ಬಗೆಯನ್ನು ತಿಳಿದರೆ ಗುರುತಿಸುವ ಬಗೆ ಅರ್ಧ ತಿಳಿದಂತೆ. ಶಿರಸ್ತ್ರಾಣದಂತೆ ಉಬ್ಬಿದ ದೊಡ್ಡ ಶಂಖದ ಬೆನ್ನಿನ ಭಾಗವನ್ನು ಗರಗಸದಿಂದ ಕೊಯ್ದು, ಅದರಲ್ಲಿ ಬಳಕೆಗೆ ಬರುವ ತುಂಡುಗಳನ್ನು ಗುರುತು ಹಾಕಿ ಬಿಡಿಸುತ್ತಾರೆ. ತುಂಡನ್ನು ಅಂಡಾಕಾರಕ್ಕೆ ಉಜ್ಜಿ, ಒಂದು ಮರದ ಹಿಡಿಯ ತುದಿಗೆ ರಾಳದಿಂದ ಅಂಟಿಸುತ್ತಾರೆ. ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಉಕ್ಕಿನ ಸಣ್ಣ ಉಳಿ. ಮೇಲಿನ ಒರಟು ಸಿಪ್ಪೆ ತೆಗೆದರೆ ಬಿಳಿಯ ಪದರ. ಅದರ ಕೆಳಗೆ ಬಣ್ಣದ ಪದರ. ಬಿಳಿಯಲ್ಲಿ ಆಕೃತಿ ಮೂಡಬೇಕು, ಬಣ್ಣ ಹಿನ್ನೆಲೆಯಾಗಬೇಕು. ಬಿಳಿಯನ್ನು ದಪ್ಪ ಉಳಿಸಿದಲ್ಲಿ ಕೆನ್ನೆ, ತೆಳುವಾಗಿಸಿದಲ್ಲಿ ನೆರಳು. ಕಣ್ಣೆವೆಯ ಬಳಿ ಕೂದಲೆಳೆಯಷ್ಟು ಹೆಚ್ಚು ಕೆತ್ತಿದರೂ ಕೆಳಗಿನ ಕಂದು ಇಣುಕುತ್ತದೆ. ಹೋದದ್ದನ್ನು ಮತ್ತೆ ಅಂಟಿಸಲಾಗದು.

ಶಂಖಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗಾಢ ಕಂದು ಹಿನ್ನೆಲೆ ಕೊಡುವ ಶಂಖದ ಶಾಸ್ತ್ರೀಯ ಹೆಸರು ಕ್ಯಾಸಿಸ್ ಮಡಗಾಸ್ಕರಿಯೆನ್ಸಿಸ್. ತಮಾಷೆಯೆಂದರೆ, ಮಡಗಾಸ್ಕರಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಕೆರಿಬಿಯನ್ ಸಮುದ್ರದ ಕಡೆಯ ಜೀವಿ. ಹೆಸರಿನ ತಪ್ಪು ಪ್ರಾಣಿಯ ಜಾತಕದಿಂದಲೇ ಆರಂಭ! ಕಿತ್ತಳೆ ಛಾಯೆಯ ಹಿನ್ನೆಲೆ ಕೊಡುವುದು ಸೈಪ್ರಿಕ್ಯಾಸಿಸ್ ರೂಫಾ. ಇದು ಪೂರ್ವ ಆಫ್ರಿಕದ ತೀರವೂ ಸೇರಿದಂತೆ ನಮ್ಮ ಹಿಂದೂ ಮಹಾಸಾಗರದ್ದು. ಗುಲಾಬಿ ಬಣ್ಣದ್ದು ಕೆರಿಬಿಯನ್ನಿನ ರಾಣಿಶಂಖ. ಇದರ ಗುಲಾಬಿ ಬಿಸಿಲಿಗೆ ಮಾಸುತ್ತದೆ.

ಈಗ ನಿಮ್ಮ ಕೈಯಲ್ಲೊಂದು ಪದಕವಿದೆ ಎಂದುಕೊಳ್ಳೋಣ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದೋ, ವಿದೇಶದಲ್ಲಿರುವ ಬಂಧುಗಳು ತಂದದ್ದೋ ಇರಬಹುದು. ಮೊದಲು ಮುಖವನ್ನು ನೋಡಬೇಡಿ. ಮುಖ ನಮ್ಮನ್ನು ಮರುಳುಮಾಡುತ್ತದೆ. ತಿರುಗಿಸಿ ಬೆನ್ನನ್ನು ನೋಡಿ. ಶಂಖ ದುಂಡಗಿನದಾದ್ದರಿಂದ ಚಿಪ್ಪಿನ ಹಿಂಬದಿ ಸಾಮಾನ್ಯವಾಗಿ ತುಸು ತಗ್ಗಾಗಿರುತ್ತದೆ. ಬೆಳಕಿಗೆ ಹಿಡಿದರೆ ಚಿಪ್ಪು ಬೆಳಕನ್ನು ಸೋಸುತ್ತದೆ. ಮುಂದಿನ ಆಕೃತಿಯ ನೆರಳು ಹಿಂದೆ ಕಾಣುತ್ತದೆ. ಬಿರುಕಿದ್ದರೆ ಅದೂ ಆಗಲೇ ತಿಳಿಯುತ್ತದೆ. ಪ್ಲಾಸ್ಟಿಕ್ಕಾದರೆ ಕೈಗೆ ಬೆಚ್ಚಗೆ, ಅಂಚಿನಲ್ಲಿ ಅಚ್ಚಿನ ಗೆರೆ. ಗಾಜಾದರೆ ತಣ್ಣಗೆ, ಒಳಗೆ ಸಣ್ಣ ಗುಳ್ಳೆಗಳಿರಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯಲ್ಲಿ ಕೈಕೆಲಸದ ಚಿಪ್ಪು ತನ್ನ ಉಳಿಯ ಜಾಡನ್ನು ತೋರಿಸುತ್ತದೆ: ಒಂದು ಗೆರೆ ಇನ್ನೊಂದರಂತಿರುವುದಿಲ್ಲ, ಕೂದಲಿನ ಸುರುಳಿಗಳು ಅಚ್ಚಿನಲ್ಲಿ ಹೊಯ್ದವುಗಳಂತೆ ಮೊಂಡಾಗಿರುವುದಿಲ್ಲ. ‘ವೆಸೂವಿಯಸ್ಸಿನ ಲಾವಾ’ ಎಂದು ಮಾರುವ ಬೂದು, ಕಂದು, ಹಸಿರು ಛಾಯೆಯ ಕ್ಯಾಮಿಯೊಗಳಿವೆ. ಅವುಗಳಲ್ಲಿ ಹೆಚ್ಚಿನವು ಲಾವಾ ಅಲ್ಲ, ಒಂದು ಬಗೆಯ ಸುಣ್ಣಕಲ್ಲು.

ಬೆನ್ನಿನ ಪಿನ್ನು ಕಾಲವನ್ನು ಹೇಳುತ್ತದೆ. ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ, ಬೀಗವಿಲ್ಲದ ಬರಿಯ ಕೊಕ್ಕೆ, ಅದನ್ನು ದಾಟಿ ಹೊರಚಾಚಿದ ಉದ್ದನೆಯ ಪಿನ್ನು, ಕೊಳವೆಯಂಥ ಕೀಲು – ಇವು ಹತ್ತೊಂಬತ್ತನೆಯ ಶತಮಾನದ ಲಕ್ಷಣಗಳು. ತಿರುಗಿಸಿ ಭದ್ರಪಡಿಸುವ ಕೊಕ್ಕೆ ಇಪ್ಪತ್ತನೆಯ ಶತಮಾನದ್ದು. ಬ್ರಿಟನ್ನಿನ ಚಿನ್ನದಲ್ಲಿ ‘15’ ಎಂಬ ಕ್ಯಾರಟ್ ಮುದ್ರೆ ಇದ್ದರೆ ಅದೊಂದು ಭಾಗ್ಯ: 1854ರಲ್ಲಿ ಕಾನೂನು ಅಂಥ ಚಿನ್ನಕ್ಕೆ ಅನುಮತಿ ಕೊಟ್ಟಿತು, 1932ರಲ್ಲಿ ಅದನ್ನು ನಿಲ್ಲಿಸಿತು. ಅಂದರೆ ಆ ಚೌಕಟ್ಟು ಈ ಎರಡು ವರ್ಷಗಳ ನಡುವಿನದು. ಆದರೆ ಚೌಕಟ್ಟು ಹೇಳುವುದು ಚೌಕಟ್ಟಿನ ವಯಸ್ಸನ್ನು ಮಾತ್ರ ಎಂಬುದನ್ನು ಮರೆಯಬಾರದು. ಒಡೆದ ಚಿಪ್ಪನ್ನು ತೆಗೆದು ಹಳೆಯ ಚಿನ್ನಕ್ಕೆ ಹೊಸ ಚಿಪ್ಪನ್ನು ಕೂರಿಸುವುದು ಅಕ್ಕಸಾಲಿಗರಿಗೆ ಕಷ್ಟದ ಕೆಲಸವಲ್ಲ. ಮುರಿದ ಪಿನ್ನಿಗೆ ಹೊಸ ಪಿನ್ನನ್ನು ಬೆಸೆಯುವುದಂತೂ ದಿನನಿತ್ಯದ ಕೆಲಸ.

ಇಷ್ಟಾದ ಮೇಲೆ ಮುಖಕ್ಕೆ ತಿರುಗಿ. ಹಣೆಯಿಂದ ನೇರವಾಗಿ ಇಳಿದ ಮೂಗು, ಗಂಭೀರ ಗಲ್ಲ ಹಳೆಯ ಅಭಿರುಚಿಯವು. ಅವು ಗ್ರೀಕ್ ದೇವತೆಗಳ ಮುಖಗಳು. ಮೂಗಿನ ತುದಿ ಮೇಲಕ್ಕೆದ್ದು, ಮುದ್ದು ಮುಖದ, ಹೆಸರಿಲ್ಲದ ತರುಣಿಯಾದರೆ ಹತ್ತೊಂಬತ್ತನೆಯ ಶತಮಾನದ ಕೊನೆಯದ್ದೋ ಆಮೇಲಿನದ್ದೋ ಆಗಿರಬೇಕು. ಕೂದಲಿನಲ್ಲಿ ದ್ರಾಕ್ಷಿಯ ಎಲೆ, ಗೊಂಚಲು ಇದ್ದರೆ ಅವಳು ಮದ್ಯದ ದೇವತೆ ಬಾಕಸ್ಸನ ಹಿಂಬಾಲಕಿ. ಭಕ್ತಿವಂತ ಕುಟುಂಬಗಳ ಎಷ್ಟು ಗೃಹಿಣಿಯರು ಅವಳನ್ನು ಧರಿಸಿ ದೇವಾಲಯಕ್ಕೆ ಹೋದರೋ! ತಲೆಯ ಮೇಲೆ ಶಿರಸ್ತ್ರಾಣವಿದ್ದರೆ ಅಥೀನಾ. ಹದ್ದಿಗೆ ಬಟ್ಟಲಿನಿಂದ ಕುಡಿಸುತ್ತಿದ್ದರೆ ಹೀಬಿ. ಸಹಿ ಇರುವುದು ವಿರಳ. ರೋಮಿನ ತೊಮ್ಮಾಸೊ ಸೌಲಿನಿ, ಅವನ ಮಗ ಲುಯಿಜಿ ಮುಂತಾದ ಕೆಲವರು ತಮ್ಮ ಹೆಸರನ್ನು ಕೆತ್ತಿದರು. ತೊರ್ರೆ ದೆಲ್ ಗ್ರೆಕೊದ ಹೆಚ್ಚಿನ ಕೈಗಳು ಹೆಸರಿಲ್ಲದೆ ಕೆತ್ತಿ ಹೆಸರಿಲ್ಲದೆ ಹೋದವು.

ಒಂದು ಚಿತ್ರದ ಬಗ್ಗೆ ಮಾತ್ರ ತುಸು ನಿಂತು ಹೇಳಬೇಕು. ರೆಕ್ಕೆಗಳುಳ್ಳ ಸ್ತ್ರೀಯೊಬ್ಬಳು ತಲೆಬಾಗಿಸಿ, ಕಣ್ಣುಮುಚ್ಚಿ, ತೋಳುಗಳಲ್ಲಿ ಎರಡು ಮಲಗಿದ ಶಿಶುಗಳನ್ನು ಹೊತ್ತು ಗಾಳಿಯಲ್ಲಿ ತೇಲುತ್ತಿದ್ದಾಳೆ. ಕ್ರೈಸ್ತ ಮನೆಯಲ್ಲಿ ಬೆಳೆದ ಯಾರಿಗೇ ಆಗಲಿ ಇವಳು ತೀರಿಹೋದ ಕೂಸುಗಳನ್ನು ಸ್ವರ್ಗಕ್ಕೆ ಒಯ್ಯುತ್ತಿರುವ ದೇವದೂತಳೆಂದೇ ತೋರುತ್ತದೆ. ಆದರೆ ಅವಳ ಹಿಂದೆ ಒಂದು ಗೂಬೆ ಹಾರುತ್ತಿದೆ. ಈ ಗೂಬೆಯೇ ಗುರುತು. ಇದು ರೋಮಿನಲ್ಲಿ ನೆಲೆಸಿದ್ದ ಡೆನ್ಮಾರ್ಕಿನ ಶಿಲ್ಪಿ ಥಾರ್ವಾಲ್ಡ್‌ಸನ್ 1815ರಲ್ಲಿ ಮಾಡಿದ ‘ರಾತ್ರಿ’ ಎಂಬ ವೃತ್ತಾಕಾರದ ಶಿಲ್ಪ. ಶಿಶುಗಳು ರಾತ್ರಿಯ ಮಕ್ಕಳಾದ ನಿದ್ರೆ ಮತ್ತು ಮರಣ. ಇದನ್ನು ಚಿಪ್ಪಿನಲ್ಲಿ ಅಸಂಖ್ಯ ಸಲ ನಕಲು ಮಾಡಲಾಯಿತು. ಶಿಶುಮರಣ ಮನೆಮನೆಯ ಸಂಗತಿಯಾಗಿದ್ದ ಆ ಕಾಲದಲ್ಲಿ ಇದನ್ನು ಧರಿಸಿದ ತಾಯಿ ಅದರಲ್ಲಿ ಏನನ್ನು ಕಂಡಳು? ವಿದ್ವಾಂಸರ ಪುಸ್ತಕ ‘ರಾತ್ರಿ’ ಎನ್ನುತ್ತದೆ, ಅದು ಸರಿಯೇ. ಆದರೆ ಆ ತಾಯಿಯ ಪಾಲಿಗೆ ಅದು ದೇವದೂತಳೇ ಆಗಿದ್ದರೆ, ಅದೂ ಆ ಪದಕದ ಚರಿತ್ರೆಯ ಭಾಗವೇ. ಗುರುತಿಸುವವನ ಕೆಲಸ ಎರಡನ್ನೂ ಬೇರೆ ಬೇರೆಯಾಗಿ ಬರೆದಿಡುವುದು. ಒಂದರ ಮೇಲೆ ಇನ್ನೊಂದನ್ನು ಬರೆದು ಅಳಿಸುವುದಲ್ಲ.

ಇನ್ನು ಜೋಪಾನದ ಮಾತು. ಮನೆಯ ಒಡವೆಗಳನ್ನು ಹುಣಸೆಹುಳಿಯಲ್ಲಿ ಉಜ್ಜುವ ರೂಢಿ ನಮ್ಮಲ್ಲಿದೆ. ಕ್ಯಾಮಿಯೊಗೆ ಅದು ವಿಷ. ಚಿಪ್ಪೆಂದರೆ ಸುಣ್ಣದ ಒಂದು ರೂಪ; ಹುಣಸೆ, ನಿಂಬೆ, ವಿನಿಗರ್ ಯಾವುದೇ ಹುಳಿ ಅದನ್ನು ಕರಗಿಸುತ್ತದೆ, ಮೊದಲು ಹೋಗುವುದು ಕಣ್ಣೆವೆ ಮತ್ತು ಕೂದಲಿನ ನಯಗೆರೆಗಳು. ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲಿಗೂ ಬಿಸಿಗೂ ಒಡ್ಡಬೇಡಿ.

ಪ್ರವಾಸದಲ್ಲಿ ಕಡಲತೀರಕ್ಕೆ ಹೋದಾಗ ದೊಡ್ಡ ಶಂಖ ಕಂಡರೆ ಆಸೆಪಟ್ಟು ಕೊಳ್ಳುವವರಿದ್ದಾರೆ. ಕ್ಯಾಮಿಯೊಗೆ ಚಿಪ್ಪು ಕೊಡುವ ಸೈಪ್ರಿಕ್ಯಾಸಿಸ್ ರೂಫಾವನ್ನೂ ಅದರ ಬಂಧುವಾದ ಕ್ಯಾಸಿಸ್ ಕಾರ್ನುಟಾವನ್ನೂ ನಮ್ಮ ದೇಶವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ 2001ರಲ್ಲಿ ಸೇರಿಸಿತು. ರಾಣಿಶಂಖದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ನಿರ್ಬಂಧವಿದೆ. ಆದ್ದರಿಂದ ಹೊರದೇಶದಿಂದ ಹಳೆಯ ಚಿಪ್ಪಿನ ಒಡವೆ ತರಿಸುವವರೂ ಮೊದಲು ಕಾನೂನನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಪದಕವನ್ನು ಪೆಟ್ಟಿಗೆಯಲ್ಲಿಡುವ ಮುನ್ನ ಜೊತೆಗೊಂದು ಚೀಟಿ ಇಡಿ. ಯಾವ ಚಿಪ್ಪು, ಎಂಥ ಕೊಕ್ಕೆ, ಯಾವ ಮುದ್ರೆ ಎಂದು ಕಣ್ಣಿಗೆ ಕಂಡಷ್ಟನ್ನು ಬರೆಯಿರಿ. ಯಾರು ಯಾರಿಗೆ ಯಾವ ವರ್ಷ ಕೊಟ್ಟರು ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ. ಮನೆಯಲ್ಲಿ ಅದನ್ನು ರೆಬೆಕ್ಕ ಎಂದು ಕರೆಯುತ್ತಿದ್ದರೆ, ‘ಮನೆಯಲ್ಲಿ ರೆಬೆಕ್ಕ ಎನ್ನುತ್ತಿದ್ದರು’ ಎಂದೇ ಬರೆಯಿರಿ; ಅದರ ಕೆಳಗಿನ ಸಾಲಿನಲ್ಲಿ, ‘ಬಾವಿ ಕಾಣಿಸುವುದಿಲ್ಲ’ ಎಂದು.